ಒಂಟಿಯಾಗಿ ಸಿಗದ ಕಣ

ಸಮಸ್ತ ಗೃಹಸಾಮ್ರಾಜ್ಯದ ಒಡತಿ, ಬೀಗದ ಕೈಗೊಂಚಲಿನ ಏಕೈಕ ವಾರಸುದಾರಿಣಿ, ಅಣ್ಣನದೂ ನನ್ನದೂ ಸೇರಿ ನಾಲ್ಕು ಕಿವಿಗಳನ್ನು ಹಿಂಡುವ ಪರಮಾಧಿಕಾರ ಪಡೆದಿದ್ದ ಅತ್ತಿಗೆಯವರ ಸನ್ನಿಧಾನಕ್ಕೆ, ಅಣ್ಣ ಹೋದ ಮೇಲೆ ಉಳಿದ ಎರಡು ಕಿವಿಗಳ ಮೈದುನನ ಸಾಷ್ಟಾಂಗ ನಮಸ್ಕಾರ.

ನಮ್ಮ ಪ್ರಯೋಗಾಲಯದ ಯಂತ್ರ ನೆಲದಡಿಯ ಸುರಂಗದಲ್ಲಿ ಪ್ರೋಟಾನುಗಳನ್ನು ಎದುರುಬದುರು ಓಡಿಸಿ ಗುದ್ದಿಸುತ್ತದೆ. ಅವುಗಳೊಳಗಿನ ಕ್ವಾರ್ಕುಗಳೆಂಬ ಕಿರುಕಣಗಳು ಬೇರೆಯಾಗಲು ಹೊರಟರೆ ನಡುವಿನ ಸೆಳೆತ ರಬ್ಬರಿನಂತೆ ಹಿಗ್ಗಿ ತುಂಡಾಗುತ್ತದೆ. ತುಂಡಾದಲ್ಲೇ ಹೊಸ ಕ್ವಾರ್ಕುಗಳು ಹುಟ್ಟಿ, ಹಳೆಯವನ್ನು ಕೂಡಿಕೊಂಡು ಹ್ಯಾಡ್ರಾನುಗಳೆಂಬ ಕೂಡುಕಣಗಳಾಗುತ್ತವೆ. ಕಂಪ್ಯೂಟರಿನ ತೆರೆಯ ಮೇಲೆ ಅವುಗಳ ಜಾಡು ಕಟ್ಟು ಬಿಚ್ಚಿದ ಪೊರಕೆಯಂತೆ ಕಾಣುತ್ತದೆ. ಒಂಟಿ ಕ್ವಾರ್ಕನ್ನು ಮಾತ್ರ ಈವರೆಗೆ ಯಾರೂ ಕಂಡಿಲ್ಲ. ಇದನ್ನು ಫೋನಿನಲ್ಲಿ ಹೇಳಿದಾಗ ಅಣ್ಣ, "ಲೋ, ಅದಕ್ಕೂ ನಿಮ್ಮತ್ತಿಗೆ ಥರ ಯಾರೋ ಗಂಟುಬಿದ್ದಿರಬೇಕು ಕಣೋ, ಒಬ್ಬನ್ನೇ ಎಲ್ಲೂ ಬಿಡಲ್ಲ" ಅಂದಿದ್ದ. ನಿಮಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡಿದ್ದ. ಈಗ ಮುರಿದಿದ್ದೇನೆ.

ನೆಗಡಿಯೊಂದು ಬಿಟ್ಟರೆ ಆರೋಗ್ಯವಾಗಿದ್ದೇನೆ. ಹೋದ ಸಲ ಊರಿಗೆ ಬಂದಾಗ ಅಣ್ಣನ ಬೀರುವಿನಿಂದ ಕದ್ದು ತಂದ ಸ್ವೆಟರನ್ನೇ ದಿನವೂ ಹಾಕಿಕೊಳ್ಳುತ್ತೇನೆ. ತೋಳು ಒಂದು ಗೇಣು ಉದ್ದವಾಗುತ್ತದೆ, ಮಡಚುತ್ತೇನೆ.

ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ಅಣ್ಣ ಹೋದ ದಿನ, ಪಾಳಿ ಬಿಟ್ಟು ಬರಲಾಗದು ಎಂದು ನಾನಂದಾಗ, "ಅಷ್ಟು ದೊಡ್ಡ ಯಂತ್ರ ಬಿಟ್ಟು ಹೇಗೆ ಬರ್ತೀಯಪ್ಪ, ಇರು, ನಾವೆಲ್ಲ ಇದ್ದೀವಲ್ಲ" ಎಂದು ನೀವೇ ನನಗೆ ಸಮಾಧಾನ ಹೇಳಿದಿರಿ. ಅತ್ತಿಗೆ, ಆ ಯಂತ್ರ ರಿಪೇರಿಗೆಂದು ಎರಡು ತಿಂಗಳಿಂದ ನಿಂತಿದೆ. ಅವತ್ತು ನನಗೆ ಪಾಳಿಯೇ ಇರಲಿಲ್ಲ. ಅವನು ನನ್ನನ್ನು ನೋಡಿಯೂ ನಗದೆ ಮಲಗಿರುತ್ತಾನಲ್ಲ ಎಂದು ಹೆದರಿ ಸುಳ್ಳು ಹೇಳಿದೆ.