ಜಿರಾಫೆಯ ತಲೆ, ನನ್ನ ರೆಕ್ಕೆ

ಫೆಬ್ರವರಿ 3
ಇವತ್ತೂ ಬೆಳಗಿನಿಂದ ವಿಂಡ್ ಟನಲ್. ಕಾರು ನಿಂತಲ್ಲೇ ನಿಲ್ಲುತ್ತದೆ, ಗಾಳಿ ಓಡುತ್ತದೆ. ಆ ಫ್ಯಾನಿನ ಸದ್ದು ಮನೆಗೆ ಬಂದರೂ ಕಿವಿ ಬಿಡುವುದಿಲ್ಲ. ಅರ್ಧ ಗಾತ್ರದ ಮಾದರಿ ರೇಸ್ ಕಾರು, ಅದರ ಹಿಂಬದಿಗೆ ನನ್ನ ಹೊಸ ರೆಕ್ಕೆ. ಹಕ್ಕಿಯ ರೆಕ್ಕೆ ಮೇಲಕ್ಕೆತ್ತುತ್ತದೆ. ನನ್ನದು ಕಾರನ್ನು ನೆಲಕ್ಕೆ ಒತ್ತಿ ಹಿಡಿಯಬೇಕು. ಹಿಡಿಯಿತು! ಹಳೆಯದಕ್ಕಿಂತ ಎಷ್ಟೋ ಜೋರಾಗಿ. ನಮ್ಮ ಬಾಸ್ ದೂರ್ವಾಸರು ಕೂಡ “ಪರವಾಗಿಲ್ಲ” ಅಂದರು. ಅವರ ಬಾಯಲ್ಲಿ ಅದೇ ಪದಕ.
ರಾತ್ರಿ ಊಟಕ್ಕೆ ಕೂತಾಗ ಅತ್ತೆಗೆ ಹೇಳಿದೆ. “ಅಲ್ಲ ಕಣೇ, ಹಾರಬಾರ್ದು ಅಂತ ರೆಕ್ಕೆ ಕಟ್ಟೋದಾ? ಯಾರೇ ನಿಂಗೆ ಡಿಗ್ರಿ ಕೊಟ್ಟಿದ್ದು?”

ಫೆಬ್ರವರಿ 19
ಟ್ರ್ಯಾಕ್‌ನಲ್ಲಿ ಮೊದಲ ಓಟ. ಕೆಟ್ಟ ದಿನ. ಟನಲ್‌ನಲ್ಲಿ ಹುಲಿ, ಟ್ರ್ಯಾಕ್‌ನಲ್ಲಿ ಇಲಿ. ವೇಗದ ತಿರುವು ಬಂದರೆ ಸಾಕು, ಕಾರಿನ ಹಿಂಭಾಗ ಜಾರುತ್ತದೆ...
ಈ ವರ್ಷ ಸೇರಿದ ಡ್ರೈವರ್ — ಉದ್ದನೆಯ ಹುಡುಗಿ, ಎಲ್ಲರ ಬಾಯಲ್ಲೂ ಜಿರಾಫೆ — ಇಳಿದವಳೇ ಹೇಳಿದಳು. “ಅಕ್ಕಾ, ತಲೆ ಬಗ್ಗಿಸಿದ್ರೆ ಹಿಂದಿನ ಚಕ್ರ ನೆಲ ಕಚ್ಕೊಳ್ಳುತ್ತೆ. ಎತ್ತಿದ್ರೆ ಜಾರುತ್ತೆ.”
ದೂರ್ವಾಸರು ಸಿಡಿದರು. “ಕುಣಿಲಾರ್ದೋಳು ನೆಲ ಡೊಂಕು ಅಂದ್ಲಂತೆ! ಇನ್ನೊಂದು ಟೆಸ್ಟ್ ನೋಡ್ತೀನಿ. ಸರಿಹೋಗ್ಲಿಲ್ವಾ, ಹೋದ ವರ್ಷದ ವಿಂಗೇ ಹಾಕಿ.”
ಒಂದು ವರ್ಷ ಇದಕ್ಕೇ ಜೀವ ತೇದಿದ್ದೇನೆ. ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು.

ಫೆಬ್ರವರಿ 20
ಕಾರಿಗೆ ಹಸಿರು ಬಣ್ಣ ಬಳಿದೆವು. ಒಣಗುವ ಮೊದಲೇ ಓಡಿಸಬೇಕು — ಗಾಳಿ ಹೋದ ದಾರಿಯಲ್ಲೆಲ್ಲ ಗೆರೆ ಬೀಳುತ್ತದೆ. ಮೂತಿಯಿಂದ ಡ್ರೈವರ್ ಸೀಟಿನವರೆಗೆ ಬಾಚಿದ ಕೂದಲಿನಂತೆ ನೀಟು. ಜಿರಾಫೆಯ ತಲೆ ದಾಟಿದ ಮೇಲೆ ಬರೀ ಸಿಕ್ಕು. ಆ ಸಿಕ್ಕುಗಾಳಿ ನೆಟ್ಟಗೆ ನನ್ನ ರೆಕ್ಕೆಗೆ!
ಹುಡುಗಿ ಹೇಳಿದ್ದು ನಿಜ. ಹಾಗಾದರೆ ಟನಲ್‌ನಲ್ಲಿ ಯಾಕೆ ಕಾಣಲಿಲ್ಲ?

ಫೆಬ್ರವರಿ 21
ಎದ್ದೆನೋ ಬಿದ್ದೆನೋ ಅಂತ ಟನಲ್‌ಗೆ ಓಡಿದೆ. ಮಾದರಿ ಕಾರಿನ ಸೀಟಿನಲ್ಲಿ ಹೆಲ್ಮೆಟ್ ಹಾಕಿದ ಗೊಂಬೆತಲೆ. ಅಳತೆ ಹಿಡಿದೆ... ಗಿಡ್ಡ! ಹೋದ ವರ್ಷದ ಡ್ರೈವರ್ ಕುಳ್ಳಪ್ಪನ ತಲೆ! ಮನುಷ್ಯ ಟೀಮ್ ಬಿಟ್ಟು ಹೋದ, ತಲೆ ಇಲ್ಲೇ ಬಿಟ್ಟು ಹೋದ. ಕಾರಿನ ಬೋಲ್ಟು ಬೋಲ್ಟೂ ಬದಲಿಸಿದವರು ತಲೆ ಬದಲಿಸಲು ಮರೆತಿದ್ದೆವು — ನಾನೇ ಮೊದಲನೆಯವಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದು ಅಂದರೆ ಇದೇ. ಒಬ್ಬಳೇ ನಿಂತು ನಕ್ಕೆ.

ಮಾರ್ಚ್ 8
ಬರೆಯಲು ಪುರುಸೊತ್ತೇ ಇರಲಿಲ್ಲ. ಸೀಟು ಇಳಿಸೋಣವೆಂದರೆ ಜಿರಾಫೆಯ ಮೊಣಕಾಲು ತಗಲುತ್ತದೆ. ಗೊಂಬೆತಲೆಯನ್ನು ಅವಳಷ್ಟೇ ಎತ್ತರಿಸಿ, ಅದರ ಹಿಂದಿರುವ ಕಾರಿನ ಕವಚವನ್ನು ಮತ್ತೆ ಮತ್ತೆ ತಿದ್ದಿದೆ. ಗಾಳಿ ಸಿಕ್ಕಾಗದಿರಲೆಂದು ಹೆಲ್ಮೆಟ್ಟಿನ ನೆತ್ತಿಗೊಂದು ಪುಟ್ಟ ಅಂಚು. ಅದನ್ನೆಲ್ಲ ನಿಜವಾದ ಕಾರಿಗೂ ಹಾಕಿಸಿದೆ.
ಇವತ್ತು ಆ ಕೊನೆಯ ಟೆಸ್ಟ್. ಹೆಡ್‌ಫೋನ್ ಕಿವಿಗೇರಿಸಿ ಕೂತಿದ್ದೆ. ರೇಡಿಯೋದಲ್ಲಿ ಕೂಗು — “ಅಕ್ಕಾ! ತಲೆ ಎತ್ತೇ ಓಡಿಸ್ತಿದೀನಿ! ಜಿಗಣೆ ಥರ ಕಚ್ಕೊಂಡಿದೆ!”
ಹಾಲು ಕುಡಿದಷ್ಟು ಸಂತೋಷ. ದೂರ್ವಾಸರು ಹಳೆಯ ವಿಂಗನ್ನು ವಾಪಸ್ ಲಾರಿಗೆ ಹಾಕಿಸಿದರು. ಆಮೇಲೆ ಜಿರಾಫೆಯ ಹತ್ತಿರ ಹೋಗಿ, “ನೆಲ ಡೊಂಕಾಗೇ ಇತ್ತು ಕಣಮ್ಮ” ಅಂದರು. ಅವರು ಸೋತು ನಕ್ಕಿದ್ದನ್ನು ಮೊದಲ ಸಲ ನೋಡಿದೆ.

ಮಾರ್ಚ್ 22, ಸಂಜೆ
ಗೆದ್ದೆವು. ಗೆದ್ದೆವು. ಗೆದ್ದೆವು!
ರೇಸ್ ಶುರುವಾದ ಮೊದಲ ತಿರುವಿನಲ್ಲೇ ಮುಂದೆ ಬಂದ ಜಿರಾಫೆ ಯಾರಿಗೂ ದಾರಿ ಬಿಡಲಿಲ್ಲ. ಮೆಕ್ಯಾನಿಕ್‌ಗಳು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ನಾನು ಅತ್ತುಬಿಟ್ಟೆ, ನಾಚಿಕೆ ಬಿಟ್ಟು.
ಮನೆಯಿಂದ ಫೋನು. ಅತ್ತೆಯ ಗಂಟಲು ಕೂಗಿ ಕೂಗಿ ಬಿದ್ದುಹೋಗಿತ್ತು. “ಟೀವೀಲಿ ನಿನ್ನ ರೆಕ್ಕೆ ಸರಿಯಾಗಿ ತೋರಿಸ್ಲೇ ಇಲ್ವಲ್ಲೇ!”
“ಹೋಗ್ಲಿ ಬಿಡಿ ಅತ್ತೆ.”
“ಹೋಗ್ಲಿ ಅನ್ನು, ನಮಗೇನು! ಹಿಂದಿದ್ದೋರೆಲ್ಲ ರೇಸ್ ಪೂರ್ತಿ ಅದನ್ನೇ ನೋಡ್ಕೊಂಡು ಬಂದ್ರಲ್ಲ!”
ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೇನೆ, ಅಕ್ಷರ ಸೊಟ್ಟ ಸೊಟ್ಟ. ದೂರ್ವಾಸರು ಹೊರಗಿನಿಂದ ಕರೆಯುತ್ತಿದ್ದಾರೆ — ಮುಂದಿನ ಕಾರು ಪೂರ್ತಿ ನಾನೇ ರೂಪಿಸಬೇಕಂತೆ!