ತಲೆ ಮುಚ್ಚಿದ ನಾಲ್ಕು

ಮನೆ, ಮಹಡಿಯ ಪುಸ್ತಕದ ಕೋಣೆ
ಗುರುವಾರ, ಮಧ್ಯಾಹ್ನ

ಪ್ರೀತಿಯ ಚೂಟಿ,

ಹೇಗಿದ್ದೀಯಮ್ಮ? ಮೊಣಕಾಲಿನ ನೋವು ಈಗ ಹೇಗಿದೆ? ಗುಡ್ಡ ಹತ್ತಿ ಇಳಿದು ಜಮೀನು ಅಳೆಯುವ ಕೆಲಸ ನಿನ್ನದು, ಕಾಲಿಗೆ ಬಿಡುವು ಕೊಡು ಎಂದರೆ ಕೊಡುವವಳಲ್ಲ. ಡಾಕ್ಟರು ಕೊಟ್ಟ ಮೊಣಕಾಲಿನ ಪಟ್ಟಿಯನ್ನು ನಿನ್ನ ನಾಯಿ ಕಚ್ಚಿ ಹರಿದುಹಾಕಿತೆಂದೂ, ನೀನು ಅದಕ್ಕೆ ಬೈಯುವ ಬದಲು ಶಹಬ್ಬಾಸ್ ಅಂದೆಯೆಂದೂ ಚಿಕ್ಕಮ್ಮ ಹೇಳಿದರು. ಇನ್ನೊಂದು ಪಟ್ಟಿ ಅವರ ಕೈಲಿ ಕಳಿಸುತ್ತಿದ್ದೇನೆ. ನಾವಿಲ್ಲಿ ಚೆನ್ನಾಗಿದ್ದೇವೆ. ಪತ್ರಿಕೆಗಳಿಗೆ ನಾನು ಬರೆಯುವ ಪತ್ರಗಳನ್ನು ನಿನ್ನ ಅತ್ತಿಗೆ ಈಗಲೂ ಅಂಚೆಗೆ ಹಾಕುವ ಮುಂಚೆ ಓದಿ, ಒಳಗಿನ ಖಾರ ತೆಗೆಯುತ್ತಾಳೆ. ಈ ಪತ್ರವನ್ನು ಅವಳಿಗೆ ತೋರಿಸುವುದಿಲ್ಲ.

ಈ ವಾರವೆಲ್ಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಚಿಕ್ಕಮ್ಮನ ಕೈಲಿ ಹೇಳಿಸಿದರೆ, "ಅವನಿಗೆ ಕೋವಿ ಬೇಕು, ಅದಕ್ಕೇ ಹೊಸಾ ಕಥೆ ಕಟ್ತಿದಾನೆ" ಅಂದೆಯಂತೆ. ನಾಳೆ ಚಿಕ್ಕಮ್ಮನೇ ನಿನ್ನಲ್ಲಿಗೆ ಹೊರಟಿದ್ದಾರೆ. ನೀನು ಇದನ್ನು ಪೂರ್ತಿ ಓದಿ ಮುಗಿಸುವವರೆಗೂ ಎದುರಿನ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಆದ್ದರಿಂದ ಓದಿಬಿಡು. ಭಾನುವಾರ ಹಳೆಯ ರೈಫಲುಗಳ ಸ್ಪರ್ಧೆಯಲ್ಲಿ ಅಪ್ಪನ ರೈಫಲನ್ನು ಹಾರಿಸಬೇಡ. ಅದರಲ್ಲಿರುವ ಬೋಲ್ಟ್, ತೋಟಾದ ಬೆನ್ನಿಗೆ ಮುಚ್ಚಿಕೊಳ್ಳುವ ಆ ಉಕ್ಕಿನ ಅಗಳಿ, ಆ ರೈಫಲಿನದಲ್ಲ.

ನಗಬೇಡ. ನೀನು ನಗುವುದು ಯಾಕೆಂದು ಗೊತ್ತು. ಅಪ್ಪ ಬಂದವರಿಗೆಲ್ಲ ಮೊದಲು ತೋರಿಸುತ್ತಿದ್ದುದೇ ಅದನ್ನು. ಕಾಫಿ ಆರಿ ತಣ್ಣಗಾದರೂ ಬಿಡದೆ, ರೈಫಲಿನ ಮೈಮೇಲಿನ ನಂಬರನ್ನೂ ಬೋಲ್ಟಿನ ಮೇಲಿನ ನಂಬರನ್ನೂ ಬೆರಳಿಟ್ಟು ಓದಿಸುತ್ತಿದ್ದರು. "ಒಂದೇ ಕೈ, ಒಂದೇ ದಿನ, ಒಂದೇ ಮೇಜು. ಇವೆರಡೂ ಒಟ್ಟಿಗೇ ಹುಟ್ಟಿದ್ದು ಕಣ್ರೀ" ಅನ್ನುತ್ತಿದ್ದರು. ಆ ರೈಫಲ್ ತಯಾರಾದ ಕಾರ್ಖಾನೆಯಲ್ಲಿ ಪ್ರತಿ ಬೋಲ್ಟನ್ನೂ ಅದರದೇ ರೈಫಲಿಗೆ ಕೈಯಿಂದ ಉಜ್ಜಿ ಕೂರಿಸಿ, ಎರಡಕ್ಕೂ ಒಂದೇ ನಂಬರು ಹೊಡೆಯುತ್ತಿದ್ದರು, ಅದು ನಿಜವೇ. ಸಂಗ್ರಹಕಾರರು ನಂಬರಿಗೆ ಮುಗಿಬೀಳುವುದೂ ಅದಕ್ಕೇ. ಜನ ನಂಬರನ್ನೇ ಪೂಜಿಸತೊಡಗಿದರೆ ನಂಬರನ್ನೇ ತಯಾರಿಸುವವರು ಹುಟ್ಟಿಕೊಳ್ಳುತ್ತಾರೆ ಎಂದು ಸಂಗ್ರಹಕಾರರ ಸಂಘದ ಸಭೆಯಲ್ಲಿ ನಾನು ಹಿಂದೆಯೇ ಎದ್ದು ನಿಂತು ಹೇಳಿದ್ದೆ. "ಕೋವಿ ಮುಟ್ಟದೆ ಬರೀ ಪುಸ್ತಕ ಮುಟ್ಟೋರು ದಯವಿಟ್ಟು ಕೂತ್ಕೊಳಿ" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು, ಸಭೆಯೆಲ್ಲ ನಕ್ಕಿತು. ಅಪ್ಪನೂ ನಕ್ಕರು. ಅದನ್ನು ನಾನು ಮರೆತಿಲ್ಲ.

ಅಪ್ಪ ಹೋದ ಮೇಲೆ ನೀನು ರೈಫಲ್ ತೆಗೆದುಕೊಂಡೆ, ನಾನು ಪುಸ್ತಕಗಳನ್ನು ಇಟ್ಟುಕೊಂಡೆ. "ಓದೋನಿಗೆ ಪುಸ್ತಕ, ಹೊಡೆಯೋಳಿಗೆ ಕೋವಿ, ಸರಿಹೋಯ್ತಲ್ಲ" ಅಂದೆ ನೀನು. ಎರಡನ್ನೂ ಬೇರೆ ಮಾಡಬಾರದೆಂದು ನಾನು ಲೈಸೆನ್ಸ್ ಕಚೇರಿಗೆ ಆಕ್ಷೇಪಣೆ ಬರೆದದ್ದನ್ನು ನೀನು ಇನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದೀಯ. ಇಟ್ಟುಕೋ. ಅದರ ಒಂದಕ್ಷರವನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಈಗ ಹೇಳುತ್ತಿರುವುದು ಆ ಜಗಳದ ಮುಂದುವರಿಕೆಯಲ್ಲ.

ಆ ಕಾರ್ಖಾನೆಯಲ್ಲಿ ತಪಾಸಣೆ ಕೆಲಸದಲ್ಲಿದ್ದವರೊಬ್ಬರು ನಿವೃತ್ತರಾದ ಮೇಲೆ ಬರೆದ ತೆಳ್ಳನೆಯ ಪುಸ್ತಕವೊಂದಿದೆ. ಅಪ್ಪ ಬದುಕಿರುವಷ್ಟು ದಿನವೂ ಅದನ್ನು ಹುಡುಕಿದರು, ಸಿಗಲಿಲ್ಲ. ಸೋಮವಾರ ಅದು ಹಳೇ ಪುಸ್ತಕದಂಗಡಿಯೊಂದರಿಂದ ನನ್ನ ಕೈಗೆ ಬಂತು. ಬೆನ್ನು ಕಿತ್ತುಹೋಗಿದೆ, ಎಣ್ಣೆಯ ವಾಸನೆ. ಅಪ್ಪ ನೆಚ್ಚಿಕೊಂಡಿದ್ದ ಆ ದಪ್ಪ ಕೆಂಪು ಪುಸ್ತಕ ಇದೆಯಲ್ಲ, ಅದರಲ್ಲಿ ಯಾವ ವರ್ಷ ಯಾವ ನಂಬರು ಎಂಬುದಷ್ಟೇ ಇದೆ. ಇದರಲ್ಲಿ ಆ ನಂಬರನ್ನು ಹೊಡೆಯುತ್ತಿದ್ದ ಅಚ್ಚುಗಳ ಚಿತ್ರಗಳೇ ಇವೆ. ಆ ಕಾರ್ಖಾನೆಯ 4 ಎಂಬ ಅಂಕಿಗೆ ತಲೆ ತೆರೆದಿರುತ್ತದೆ. ಎರಡು ಗೆರೆ ಮೇಲೆ ಸೇರುವುದಿಲ್ಲ. ಮುಚ್ಚಿದ ತಲೆಯ ಅಚ್ಚನ್ನು ಅಲ್ಲಿ ಎಂದೂ ಬಳಸಲಿಲ್ಲ ಎಂದು ಅವರು ಸ್ಪಷ್ಟವಾಗಿ ಬರೆದಿದ್ದಾರೆ. ಅಪ್ಪ ತೆಗೆಸಿ, ಚೌಕಟ್ಟು ಹಾಕಿಸಿದ ರೈಫಲಿನ ದೊಡ್ಡ ಫೋಟೋವನ್ನು ಗೋಡೆಯಿಂದ ಇಳಿಸಿ ಭೂತಗನ್ನಡಿ ಹಿಡಿದೆ. ರೈಫಲಿನ ಮೈಮೇಲಿನ ನಾಲ್ಕಿಗೆ ತಲೆ ತೆರೆದಿದೆ. ಬೋಲ್ಟಿನ ಮೇಲಿನ ನಾಲ್ಕಿಗೆ ತಲೆ ಮುಚ್ಚಿದೆ. ಅಪ್ಪ ಎಷ್ಟು ವರ್ಷ ಅದರ ಮೇಲೆ ಬೆರಳಾಡಿಸಿದ್ದರು. ನಾನೂ ಆಡಿಸಿದ್ದೆ, ನೀನೂ ಆಡಿಸಿದ್ದೀಯ. ನಾವು ನಂಬರನ್ನು ಓದಿದೆವು, ಅಂಕಿಯನ್ನು ನೋಡಲಿಲ್ಲ.

ಮರುದಿನ ಬೆಳಿಗ್ಗೆಯೇ ಆ ರೈಫಲನ್ನು ಅಪ್ಪನಿಗೆ ಮಾರಿದ ಕೋವಿ ಅಂಗಡಿಯವರ ಬಳಿ ಹೋದೆ. ಈಗ ಅವರೇ ನಮ್ಮ ಸಂಘದ ಅಧ್ಯಕ್ಷರು. ಕಪಾಟಿನ ಗಾಜು ಒರೆಸುತ್ತಾ, ಕಣ್ಣೆತ್ತದೆ, "ಈ ಸಲ ಯಾವ ಪುಸ್ತಕ ಓದ್ಕೊಂಡು ಬಂದ್ರಿ?" ಅಂದರು. ಫೋಟೋ ಮುಂದಿಟ್ಟೆ, ಪುಸ್ತಕ ಬಿಚ್ಚಿಟ್ಟೆ. ನೋಡಿದರು. ಅಲ್ಲ ಅನ್ನಲೂ ಇಲ್ಲ. "ನಂಬರ್ ಬೇರೆ ಆದ್ರೆ ಒಬ್ಬನೂ ಮೂಸಿ ನೋಡಲ್ಲ ಸ್ವಾಮಿ. ಬೋಲ್ಟ್ ಕಳ್ಕೊಂಡಿರೋ ಕೋವಿಗೆ ಇನ್ನೊಂದು ಬೋಲ್ಟ್ ತಂದು, ಹಳೇ ನಂಬರ್ ಉಜ್ಜಿ, ಹೊಸದು ಹಾಕ್ತೀವಿ. ಎಲ್ಲರೂ ಮಾಡೋದೇ. ನಿಮ್ಮಪ್ಪ ಸಾಯೋವರೆಗೂ ಖುಷಿಯಾಗಿದ್ರು ತಾನೇ? ಈಗ ಯಾಕೆ ಕೆದಕ್ತೀರಿ" ಅಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಕೂಗಾಡಿದೆ. ಅವರು ತಣ್ಣಗೆ, "ಗೋಡೆಗೆ ನೇತುಹಾಕೋ ಕೋವಿ ಅದು, ಯಾರು ಹೊಡೀತಾರೆ?" ಅಂದರು. ನನ್ನ ತಂಗಿ ಹೊಡೆಯುತ್ತಾಳೆ, ಈ ಭಾನುವಾರ ಎಂದೆ. ಗಾಜು ಒರೆಸುತ್ತಿದ್ದ ಕೈ ನಿಂತಿತು. "ತೋಟಾ ಎಲ್ಲಿ ಸಿಕ್ತು ಅವರಿಗೆ? ಅದು ಬರೋದೇ ನಿಂತುಹೋಗಿತ್ತಲ್ಲ" ಅಂದರು. ಹೊಸದಾಗಿ ಮಾಡಿಕೊಡುವವರನ್ನು ನೀನು ಹುಡುಕಿದ್ದೀಯೆಂದು ಹೇಳಿದೆ. ಒರೆಸುವ ಬಟ್ಟೆಯನ್ನು ಮಡಚಿದರು, ಮತ್ತೆ ಬಿಚ್ಚಿದರು. ಆಮೇಲೆ ಬಾಗಿಲ ಕಡೆ ನೋಡಿ, ಮೆಲ್ಲಗೆ, "ಬೇಡ ಅನ್ನಿ. ನಾನು ಹೇಳ್ದೆ ಅನ್ಬೇಡಿ, ಆದ್ರೆ ಬೇಡ ಅನ್ನಿ" ಅಂದರು.

ಬೋಲ್ಟ್ ಮುಚ್ಚಿದಾಗ ಅದಕ್ಕೂ ತೋಟಾಕ್ಕೂ ನಡುವೆ ಕೂದಲೆಳೆಯಷ್ಟೂ ಹೆಚ್ಚು ಜಾಗ ಇರಬಾರದೆಂದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಜಾಗ ಉಳಿದರೆ ಒಳಗೆ ತೋಟಾದ ಹಿತ್ತಾಳೆ ಸೀಳುತ್ತದೆ, ಬೆಂಕಿ ಮುಂದಕ್ಕೆ ಹೋಗುವುದರ ಜೊತೆಗೆ ಹಿಂದಕ್ಕೂ ನುಗ್ಗುತ್ತದೆ. ಹಿಂದೆ ಇರುವುದು ನಿನ್ನ ಕೆನ್ನೆ, ನಿನ್ನ ಕಣ್ಣು. ನೀನು ಚಿಕ್ಕಮ್ಮನಿಗೆ ಹೇಳಿದ್ದೀಯಂತೆ, "ಬೋಲ್ಟ್ ಎಷ್ಟು ಸಲೀಸಾಗಿ ಮುಚ್ಚುತ್ತೆ ಗೊತ್ತಾ, ಬೆಣ್ಣೆ ಥರ" ಎಂದು. ಅಪ್ಪನೂ ಹಾಗೇ ಅನ್ನುತ್ತಿದ್ದರು. ಚೂಟಿ, ನನ್ನ ನಿದ್ದೆ ಕೆಡಿಸಿರುವುದು ಆ ಬೆಣ್ಣೆಯೇ. ಸಡಿಲವಾಗಿದ್ದರೂ ಅದು ಹಾಗೇ ಮುಚ್ಚುತ್ತದೆ.

ಅದು ಸರಿಯಾಗಿಯೇ ಕೂರುತ್ತಿರಲೂಬಹುದು. ಆ ಸಂದು ಅಳೆಯುವ ಗೇಜು ಇಟ್ಟು ನಾನು ನೋಡಿಲ್ಲ. ನೋಡೋಣವೆಂದರೆ ರೈಫಲ್ ನಿನ್ನ ಬಳಿ ಇದೆ. ನೀನು ಅದನ್ನು ನನಗೆ ಕಳಿಸಬೇಡ, ಮುಟ್ಟಲೂ ನನಗೆ ಲೈಸೆನ್ಸ್ ಇಲ್ಲ. ನಿನಗೆ ನಂಬಿಕೆಯಿರುವ ರಿಪೇರಿಯವರ ಹತ್ತಿರ ಕೊಂಡುಹೋಗು, ಅವರು ಗೇಜು ಹಾಕಿ ಹೇಳಲಿ. ನನ್ನ ಮಾತು ಸುಳ್ಳಾದರೆ ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳು, ಎಲ್ಲರೂ ಇನ್ನೊಂದು ಸಲ ನಗಲಿ. ನೀನು ಆ ರೈಫಲಿಗಾಗಿ ಎಷ್ಟು ಕಾದೆ, ತೋಟಾಕ್ಕಾಗಿ ಎಷ್ಟು ಅಲೆದೆ ಎಂಬುದು ನನಗೆ ಗೊತ್ತು. ಅಪ್ಪ ಒಂದು ಸಲವೂ ಕೇಳದ ಅದರ ಸದ್ದನ್ನು ನೀನಾದರೂ ಕೇಳಬೇಕೆಂಬ ಆಸೆಯೂ ಗೊತ್ತು. ಹೇಳಬೇಕಾದ್ದನ್ನು ಹೇಳಿದ್ದೇನೆ. ಇನ್ನು ತೀರ್ಮಾನ ನಿನ್ನದು.

ಚಿಕ್ಕಮ್ಮನನ್ನು ಮೆಟ್ಟಿಲು ಹತ್ತಿಸುವಾಗ ಕೈ ಹಿಡಿದುಕೋ, ಹಿಡಿಯಬೇಡ ಅಂದರೂ ಹಿಡಿದುಕೋ. ನಿನ್ನ ನಾಯಿಯ ತಲೆ ನನ್ನ ಪರವಾಗಿ ಒಮ್ಮೆ ಸವರು. ಆರೋಗ್ಯ ನೋಡಿಕೋ. ನೀನು ಯಾವ ಗುಡ್ಡ ಹತ್ತಿದರೂ ಕ್ಷೇಮವಾಗಿ ಇಳಿದು ಬಾ ಎಂದು ಹಾರೈಸುವ,

ನಿನ್ನ ಅಣ್ಣ

ಇನ್ನೊಂದು ಮಾತು: ತೀರ್ಮಾನ ನಿನ್ನದು ಅಂದೆನಲ್ಲ, ಅದು ಸುಳ್ಳು. ಸ್ಪರ್ಧೆಯ ಉಸ್ತುವಾರಿಯವರಿಗೆ ನಿನ್ನೆಯೇ ಫೋನ್ ಮಾಡಿ, ದೂರು ಬರೆದು, ಫೋಟೋಗಳನ್ನೂ ಕಳಿಸಿದ್ದೇನೆ. ಭಾನುವಾರ ಬೆಳಿಗ್ಗೆ ಎಲ್ಲರ ಮುಂದೆ ಅವರು ನಿನ್ನ ಕೈಯಿಂದ ಬೋಲ್ಟ್ ಇಸಿದುಕೊಳ್ಳುತ್ತಾರೆ. ಅವರು ಕೇಳುವ ಮುಂಚೆ ನೀನೇ ತೆಗೆದುಕೊಟ್ಟರೆ ಅವಮಾನ ತಪ್ಪುತ್ತದೆ. ಈ ಕಾಗದ ಬರೆದದ್ದು ಅಷ್ಟಕ್ಕೇ. ನೀನಿನ್ನು ನನ್ನ ಜೊತೆ ಮಾತಾಡುವುದಿಲ್ಲ, ಗೊತ್ತು. ಎದುರು ಸಿಕ್ಕಾಗ ದುರುಗುಟ್ಟಿಕೊಂಡು ನೋಡು. ಎರಡೂ ಕಣ್ಣಿಂದ ನೋಡು.