ಬುಧವಾರದ ಮೀನು

ಪ್ರೀತಿಯ ಅಪ್ಪ,

ರಜೆಗೆ ಬಂದಾಗ ಪ್ರಾಕ್ಟಿಕಲ್‌ಗೆಂದು ನಮ್ಮ ಮೀನಿನ ಕೊಳದಿಂದ, ನೀವು ಮೇವಾಗಿ ಹಾಕಿ ನೀರಿನ ಮೇಲೆ ತೇಲುತ್ತಿದ್ದ ಅಜೋಲಾ ಸೊಪ್ಪನ್ನು ಒಂದು ಹಿಡಿ ತಂದಿದ್ದೆನಲ್ಲ, ಲ್ಯಾಬ್ ಟೆಸ್ಟಿನಲ್ಲಿ ಅದರಲ್ಲಿ ಸೀಸ ಸಿಕ್ಕಿದೆ. ಈ ಸೊಪ್ಪು ತಾನು ಬೆಳೆದ ನೀರಿನ ವಿಷವನ್ನೆಲ್ಲ ಹೀರಿಕೊಳ್ಳುತ್ತದಂತೆ, ತಿಂದ ಮೀನಿಗೂ ಅದು ಸೇರುತ್ತದಂತೆ. ಸೊಪ್ಪು ಎಲ್ಲಿಯದೆಂದು ಆಗ ಕೇಳಿದ್ದಕ್ಕೆ "ನಮ್ಮ ತೊಟ್ಟೀಲೇ ಬೆಳೆದದ್ದು ಕಣೇ" ಅಂದಿದ್ದಿರಿ. ಆದರೆ ಅದರ ಬೇರಿಗೆ ನೀಲಿ ಬಣ್ಣ ಹತ್ತಿತ್ತು. ಬಟ್ಟೆಗೆ ಬಣ್ಣ ಹಾಕುವ ಫ್ಯಾಕ್ಟರಿಯ ಮೋರಿಯಿಂದ ತಂದಿರಾ?

ಕೇಳುವುದಕ್ಕೇ ಭಯ. ನಮ್ಮ ಹಾಸ್ಟೆಲ್ ಮೆಸ್ಸಿಗೆ ಪ್ರತಿ ಬುಧವಾರ ಮೀನು ಕಳಿಸುವವರು ನೀವೇ. ಮೊದಲೆಲ್ಲ "ಚೆನ್ನಾಗಿ ತಿನ್ನು, ತಲೆ ಚುರುಕಾಗುತ್ತೆ" ಅನ್ನುತ್ತಿದ್ದಿರಿ. ಎರಡು ತಿಂಗಳಿಂದ ಫೋನಿನಲ್ಲಿ ಒಂದೇ ಮಾತು: "ಮೆಸ್ಸಲ್ಲಿ ಮೀನು ಮುಟ್ಬೇಡ, ನಿಂಗೆ ಹೀಟ್ ಆಗುತ್ತೆ."

ಸದ್ಯಕ್ಕೆ ಮೀನಿಗೆ ಬರೀ ತೌಡು ಹಾಕಿ, ಈ ಬುಧವಾರದ ಲೋಡ್ ನಿಲ್ಲಿಸಿ. ನಾನು ನಿಮ್ಮ ಮಾತು ಕೇಳಿದೆ. ನನ್ನ ಪಾಲಿನದ್ದನ್ನೂ ರೂಮ್‌ಮೇಟ್ ತಿನ್ನುತ್ತಿದ್ದಾಳೆ.

ಉತ್ತರಕ್ಕೆ ಕಾಯುವ,
ನಿಮ್ಮ ಮಗಳು